ನಂಬುಗೆಯಿಂದ ರಕ್ಷಣೆ: ಕ್ರೈಸ್ತ ಶಾಸ್ತ್ರದ ಒಂದು ತತ್ತ್ವ ಮತ್ತು ಕನ್ನಡ ನಾಡು

ಒಂದು ಧರ್ಮದ ತತ್ತ್ವವು ಮತ್ತೊಂದು ಭಾಷೆಗೆ ಬರುವಾಗ ಬರಿಗೈಯಲ್ಲಿ ಬರುವುದಿಲ್ಲ. ತಾನು ಹುಟ್ಟಿದ ನೆಲದ ಪ್ರಶ್ನೆಗಳನ್ನು ಹೊತ್ತುಕೊಂಡು ಬರುತ್ತದೆ. ಬಂದ ನೆಲದಲ್ಲಿಯೂ ಅದಕ್ಕೆ ಬಯಲು ದೊರೆಯುವುದಿಲ್ಲ. ಅಲ್ಲಿ ಮೊದಲೇ ಬೇರುಬಿಟ್ಟ ಪದಗಳಿರುತ್ತವೆ. ಆ ಪದಗಳಿಗೆ ತಮ್ಮದೇ ಆದ ಇತಿಹಾಸವಿರುತ್ತದೆ. ಕ್ರೈಸ್ತ ಶಾಸ್ತ್ರದ ‘ನಂಬಿಕೆಯಿಂದ ರಕ್ಷಣೆ’ ಎಂಬ ತತ್ತ್ವವು ಕನ್ನಡಕ್ಕೆ, ಅದರಲ್ಲಿಯೂ ಶರಣಧರ್ಮದ ನೆಲೆವೀಡಾದ ಗದಗ-ಧಾರವಾಡ ಸೀಮೆಗೆ, ಬಂದ ಬಗೆಯನ್ನು ಅವಲೋಕಿಸಿದಾಗ ಈ ಮಾತಿನ ಸತ್ಯವು ಚೆನ್ನಾಗಿ ಮನವರಿಕೆಯಾಗುತ್ತದೆ.

ರಾಜೂರ ಗ್ರಾಮವು ಈ ಸೀಮೆಯ ಈಶಾನ್ಯದ ಅಂಚಿನಲ್ಲಿದೆ. ಇಂದು ಗದಗ ಜಿಲ್ಲೆಗೆ ಸೇರಿದ ಈ ಭಾಗವು 1997ರವರೆಗೆ ಧಾರವಾಡ ಜಿಲ್ಲೆಯ ರೋಣ ತಾಲೂಕಾಗಿತ್ತು. ಅದಕ್ಕೂ ಮೊದಲು ಮುಂಬಯಿ ಪ್ರಾಂತದ ಆಡಳಿತದಲ್ಲಿತ್ತು. ರಾಜೂರ-ಗಜೇಂದ್ರಗಡಗಳ ಸನಿಹದ ಗುಡ್ಡದಲ್ಲಿ ಕಾಲಕಾಲೇಶ್ವರ ಕ್ಷೇತ್ರವಿದೆ. ಕಾಲನಿಗೂ ಕಾಲನಾದವನು ಎಂಬ ಆ ಹೆಸರು, ಲಿಂಗವನ್ನು ಅಪ್ಪಿ ಹಿಡಿದು ಯಮನ ಪಾಶದಿಂದ ಪಾರಾದ ಮಾರ್ಕಂಡೇಯನ ಕಥೆಯನ್ನು ನೆನಪಿಗೆ ತರುತ್ತದೆ. ಇನ್ನು ಕ್ರೈಸ್ತ ಸಮುದಾಯಗಳ ಕಡೆಗೆ ನೋಡಿದರೆ, ರಾಜೂರಿನ ಸುತ್ತಲಿನ ಮೂರು ದಿಕ್ಕಿನಲ್ಲಿ ಅವು ನೆಲೆಗೊಂಡವು. ಪೂರ್ವಕ್ಕೆ ಮುದಗಲ್ಲಿನಲ್ಲಿ ಆದಿಲಶಾಹಿ ಕಾಲದಿಂದಲೂ ರೋಮನ್ ಕ್ಯಾಥೊಲಿಕ್ ಸಮುದಾಯವಿತ್ತು. ನೈಋತ್ಯಕ್ಕೆ ಬೆಟಗೇರಿಯಲ್ಲಿ 1841ರಲ್ಲಿಯೂ, ಉತ್ತರಕ್ಕೆ ಗುಳೇದಗುಡ್ಡದಲ್ಲಿ 1851ರಲ್ಲಿಯೂ ಬಾಸೆಲ್ ಮಿಶನ್ನಿನ ಕೇಂದ್ರಗಳು ಆರಂಭವಾದವು. ಇವೆರಡೂ ನೇಕಾರರ ಊರುಗಳು. ಹೀಗೆ ಮಾರ್ಕಂಡೇಯನ ಕಥೆಯನ್ನು ಕೇಳಿ ಬೆಳೆದ ಜನರ ನಡುವೆಯೇ ನಂಬುಗೆಯಿಂದ ರಕ್ಷಣೆಯೆಂಬ ಹೊಸ ಬೋಧೆ ಕೇಳಿಬಂದಿತು. ಅದು ಹೇಳಿದ್ದೇನು, ಜನರು ಕೇಳಿದ್ದೇನು ಎಂಬುದು ವಿಚಾರಾರ್ಹವಾದ ಸಂಗತಿ.

1. ಶಾಸ್ತ್ರದಲ್ಲಿ ನಂಬುಗೆಯ ಅರ್ಥ

ಕ್ರೈಸ್ತರ ಹಳೆಯ ಒಡಂಬಡಿಕೆಯ ಮೂಲಭಾಷೆ ಹೀಬ್ರೂ. ಅದರಲ್ಲಿ ನಂಬುಗೆಗೆ ಸಮೀಪವಾದ ಪದ ‘ಎಮೂನಾ’. ಪ್ರಾರ್ಥನೆಯ ಕೊನೆಯಲ್ಲಿ ಹೇಳುವ ‘ಆಮೆನ್’ ಎಂಬುದೂ ಇದೇ ಧಾತುವಿನಿಂದ ಬಂದುದು. ಗಟ್ಟಿಯಾಗಿರುವುದು, ಅಲುಗದಿರುವುದು ಎಂಬುದೇ ಇದರ ಮೂಲಾರ್ಥ. ವಿಮೋಚನಕಾಂಡದಲ್ಲಿ ಅಮಾಲೇಕ್ಯರೊಡನೆ ಯುದ್ಧ ನಡೆದಾಗ ಮೋಶೆಯು ಬೆಟ್ಟದ ಮೇಲೆ ಕೈಯೆತ್ತಿ ನಿಂತಿದ್ದನು. ಕೈ ಸೋತಾಗ ಇಬ್ಬರು ಎರಡೂ ಕಡೆ ಆನಿಸಿ ಹಿಡಿದರು. ಸೂರ್ಯಾಸ್ತದವರೆಗೂ ಆ ಕೈಗಳು ಸ್ಥಿರವಾಗಿ ನಿಂತವು. ಆ ಸ್ಥಿರತೆಗೆ ಅಲ್ಲಿ ಬಳಸಿದ ಪದವು ‘ಎಮೂನಾ’ ಎಂಬುದೇ. ಹಬಕ್ಕೂಕನೆಂಬ ಪ್ರವಾದಿಯು ಸಜ್ಜನನ ಬದುಕಿಗೆ ಆಧಾರವಾಗಿ ಹೇಳಿದ್ದೂ ಇದೇ ಪದವನ್ನು. ಆದುದರಿಂದ ಈ ಪರಂಪರೆಯಲ್ಲಿ ನಂಬುಗೆಯೆಂದರೆ ತಲೆಯೊಳಗಿನ ಒಂದು ಅಭಿಪ್ರಾಯವಾಗಿರಲಿಲ್ಲ. ಅದು ಇಡೀ ಮನುಷ್ಯನು ನಿಲ್ಲುವ ಒಂದು ನಿಲುವಾಗಿತ್ತು.

ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಇದಕ್ಕೆ ‘ಪಿಸ್ತಿಸ್’ ಎಂಬ ಪದವು ಬಳಕೆಯಾಯಿತು. ಈ ಪದಕ್ಕೆ ಎರಡು ಮುಖಗಳಿವೆ. ಒಬ್ಬರ ಮೇಲೆ ಭಾರ ಹಾಕುವುದು ಒಂದು. ಹಾಕಿದ ಭಾರಕ್ಕೆ ತಕ್ಕವನಾಗಿ ನಡೆಯುವುದು ಇನ್ನೊಂದು. ನಂಬುವವನ ಗುಣಕ್ಕೂ ನಂಬಲು ಯೋಗ್ಯನಾದವನ ಗುಣಕ್ಕೂ ಆ ಭಾಷೆಯಲ್ಲಿ ಒಂದೇ ಪದ. ಸುವಾರ್ತೆಗಳಲ್ಲಿ ಯೇಸುವು ರೋಗಮುಕ್ತರಾದವರನ್ನು ಕುರಿತು, ಅವರ ನಂಬುಗೆಯೇ ಅವರನ್ನು ಉಳಿಸಿತೆಂದು ಹೇಳುವ ಸಂದರ್ಭಗಳು ಹಲವು ಬರುತ್ತವೆ. ಅಲ್ಲಿ ‘ಉಳಿಸು’ ಎಂಬ ಗ್ರೀಕ್ ಕ್ರಿಯಾಪದಕ್ಕೆ ಗುಣಪಡಿಸು, ಪಾರುಮಾಡು ಎಂಬ ಎರಡರ್ಥಗಳೂ ಇವೆ. ಹೀಗೆ ಹೊಗಳಿಸಿಕೊಂಡವರು ಯಾರೆಂಬುದು ಗಮನಾರ್ಹ: ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿ ಮೈಲಿಗೆಯೆನಿಸಿಕೊಂಡಿದ್ದ ಒಬ್ಬ ಹೆಂಗಸು, ರೋಮನ್ ಸೈನ್ಯದ ಒಬ್ಬ ಶತಾಧಿಪತಿ, ಮಗಳಿಗಾಗಿ ಅಂಗಲಾಚಿದ ಒಬ್ಬ ಕಾನಾನ್ಯ ಸ್ತ್ರೀ. ಶಾಸ್ತ್ರೋಕ್ತ ಶುದ್ಧಿಯ ಲೆಕ್ಕದಲ್ಲಿ ಇವರೆಲ್ಲರೂ ಹೊರಗಿನವರೇ.

ಈ ಭಾವವನ್ನು ತತ್ತ್ವವಾಗಿ ಕಟ್ಟಿದವನು ಪೌಲ. ಕ್ರಿ. ಶ. ಒಂದನೆಯ ಶತಮಾನದ ಮಧ್ಯದಲ್ಲಿ ಅವನು ಗಲಾತ್ಯದ ಸಭೆಗಳಿಗೂ ರೋಮಾಪುರದ ಸಭೆಗೂ ಬರೆದ ಪತ್ರಗಳು ಇದಕ್ಕೆ ಮುಖ್ಯ ಆಧಾರ. ಈ ತತ್ತ್ವವು ಯಾವ ಸಂದರ್ಭದಲ್ಲಿ ಬಾಯಿಗೆ ಬಂದಿತೆಂಬುದನ್ನು ಮರೆತರೆ ಅರ್ಥವು ಕೈತಪ್ಪುತ್ತದೆ. ಸಿರಿಯದ ಅಂತಿಯೋಕ್ಯ ನಗರದಲ್ಲಿ ಯೆಹೂದ್ಯ ಕ್ರೈಸ್ತರೂ ಅನ್ಯಜನಾಂಗಗಳಿಂದ ಬಂದ ಕ್ರೈಸ್ತರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಹಿರಿಯ ಶಿಷ್ಯನಾದ ಪೇತ್ರನೂ ಅವರೊಡನೆ ಉಂಡನು. ಜೆರೂಸಲೇಮಿನಿಂದ ಆಚಾರವಂತರು ಕೆಲವರು ಬಂದಾಗ ಅವನು ಹೆದರಿ ಪಂಕ್ತಿಯಿಂದ ಎದ್ದು ಬೇರೆಯಾದನು. ಅವನನ್ನು ನೋಡಿ ಉಳಿದವರೂ ಎದ್ದರು. ಪೌಲನು ಎಲ್ಲರ ಎದುರಿನಲ್ಲಿಯೇ ಪೇತ್ರನನ್ನು ಆಕ್ಷೇಪಿಸಿದನು. ಗಲಾತ್ಯದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಈ ಪ್ರಸಂಗವನ್ನು ವಿವರಿಸಿದ ಮೇಲೆಯೇ, ಮನುಷ್ಯನು ದೇವರ ಮುಂದೆ ನೀತಿವಂತನೆನಿಸುವುದು ಧರ್ಮಶಾಸ್ತ್ರದ ಕರ್ಮಗಳಿಂದಲ್ಲ, ನಂಬುಗೆಯಿಂದ ಎಂಬ ಪ್ರಸಿದ್ಧ ಸಿದ್ಧಾಂತವನ್ನು ಅವನು ಮಂಡಿಸುತ್ತಾನೆ. ಪಂಕ್ತಿಭೇದದ ವಿರುದ್ಧ ಎದ್ದ ದನಿಯಲ್ಲಿ ಈ ತತ್ತ್ವವು ಹುಟ್ಟಿತು. ಸುನ್ನತಿ, ಆಹಾರನಿಯಮ, ದಿನಾಚರಣೆಗಳೆಂಬ ಜನ್ಮದ ಗುರುತುಗಳು ದೇವರ ಮನೆಯ ಬಾಗಿಲಾಗಕೂಡದು ಎಂಬುದು ಅದರ ಮೊದಲ ಅರ್ಥ.

ರೋಮಾಪುರದವರಿಗೆ ಬರೆದ ಪತ್ರದಲ್ಲಿ ಪೌಲನು ಮೂಲಪುರುಷನಾದ ಅಬ್ರಹಾಮನನ್ನು ಸಾಕ್ಷಿಗೆ ಕರೆಯುತ್ತಾನೆ. ಅಬ್ರಹಾಮನ ನಂಬುಗೆಯನ್ನು ದೇವರು ನೀತಿಯೆಂದು ಎಣಿಸಿದ ಸಂಗತಿ ಆದಿಕಾಂಡದ ಹದಿನೈದನೆಯ ಅಧ್ಯಾಯದಲ್ಲಿದೆ. ಸುನ್ನತಿಯ ವಿಧಿಯು ಹದಿನೇಳನೆಯ ಅಧ್ಯಾಯದಲ್ಲಿ ಬರುತ್ತದೆ. ಗುರುತಿಗಿಂತ ನಂಬುಗೆಯೇ ಮುಂಚಿನದು ಎಂಬುದು ಪೌಲನ ವಾದ. ಯಾಕೋಬನ ಪತ್ರವಾದರೋ ಅದೇ ಅಬ್ರಹಾಮನನ್ನೇ ಸಾಕ್ಷಿಯಾಗಿಸಿಕೊಂಡು, ಮಗನನ್ನು ಅರ್ಪಿಸಲು ಸಿದ್ಧನಾದ ಕ್ರಿಯೆಯಲ್ಲಿ ಅವನ ನಂಬುಗೆ ಪೂರ್ಣವಾಯಿತೆಂದೂ, ಕ್ರಿಯೆಯಿಲ್ಲದ ನಂಬುಗೆಯು ಸತ್ತುದೆಂದೂ ಹೇಳುತ್ತದೆ. ಬೆತ್ತಲೆಯಾಗಿ ಹಸಿದು ನಿಂತವನಿಗೆ ಬಟ್ಟೆ-ಅನ್ನ ಕೊಡದೆ ಒಳ್ಳೆಯ ಮಾತು ಹೇಳಿ ಕಳಿಸುವವನ ದೃಷ್ಟಾಂತವನ್ನು ಅದು ಕೊಡುತ್ತದೆ. ಮೇಲ್ನೋಟಕ್ಕೆ ವಿರೋಧವಾಗಿ ಕಾಣುವ ಈ ಎರಡು ಮಾತುಗಳು ಎದುರಿಸಿದ ದೋಷಗಳು ಬೇರೆ ಬೇರೆ. ಪೌಲನು ಕರ್ಮವನ್ನು ಅಧಿಕಾರಪತ್ರವಾಗಿ ತೋರಿಸುವವನನ್ನು ತಡೆದನು. ಯಾಕೋಬನ ಪತ್ರವು ನಂಬುಗೆಯನ್ನು ನೆಪವಾಗಿ ತೋರಿಸುವವನನ್ನು ತಡೆಯಿತು. ನಂಬುಗೆಯು ಪ್ರೀತಿಯ ಮೂಲಕ ಕೆಲಸ ಮಾಡುತ್ತದೆಂದು ಪೌಲನೇ ಗಲಾತ್ಯದವರಿಗೆ ತಿಳಿಸಿದ್ದಾನೆ. ಎಫೆಸದವರಿಗೆ ಬರೆದ ಪತ್ರದಲ್ಲಿಯೂ ರಕ್ಷಣೆಯು ಕೃಪೆಯ ದಾನವೆಂದು ಹೇಳಿದೊಡನೆಯೇ, ಸತ್ಕ್ರಿಯೆಗಳಿಗಾಗಿಯೇ ಮನುಷ್ಯನು ಹೊಸದಾಗಿ ಸೃಷ್ಟಿಯಾಗಿದ್ದಾನೆಂಬ ಮಾತು ಬರುತ್ತದೆ.

ರೋಣ ಸೀಮೆಯ ಎರೆಹೊಲದ ಒಕ್ಕಲಿಗನಿಗೆ ಈ ಸಂಬಂಧವು ತಿಳಿಯದ್ದಲ್ಲ. ಬೀಜ ಮೊಳೆಯುವುದು ಅವನ ಬಲದಿಂದಲ್ಲ. ಮಳೆ ಅವನ ಕೈಯಲ್ಲಿಲ್ಲ. ಆದರೆ ಮಳೆಯನ್ನು ನಂಬಿದ್ದೇನೆಂದು ಹೇಳುತ್ತ ಹಿಂಗಾರಿಯ ಬೀಜವನ್ನು ಹಗೇವಿನಲ್ಲಿಯೇ ಇಟ್ಟುಕೊಂಡವನನ್ನು ನಂಬಿದವನೆಂದು ಯಾರೂ ಕರೆಯುವುದಿಲ್ಲ. ಬಿತ್ತಿಗೆಯು ಮಳೆಗೆ ಕೊಟ್ಟ ಬೆಲೆಯಲ್ಲ; ಅದು ನಂಬುಗೆಯ ಹೊರಮೈ.

2. ಎರಡು ಪ್ರಶ್ನೆಗಳು

ಪೌಲನ ಪಂಕ್ತಿಯ ಪ್ರಶ್ನೆಯು ಮುಂದಿನ ಶತಮಾನಗಳಲ್ಲಿ ಹಿಂದೆ ಸರಿಯಿತು. ಹದಿನಾರನೆಯ ಶತಮಾನದ ಜರ್ಮನಿಯಲ್ಲಿ ಮಾರ್ಟಿನ್ ಲೂಥರನು ಅದೇ ಪತ್ರಗಳನ್ನು ಓದಿದಾಗ ಅವನ ಮುಂದಿದ್ದುದು ಬೇರೊಂದು ಪ್ರಶ್ನೆ. ಉಪವಾಸ, ಜಾಗರಣೆ, ಪಾಪನಿವೇದನೆಗಳಿಂದಲೂ ಶಾಂತಿ ಕಾಣದ ಸಂನ್ಯಾಸಿಯಾಗಿದ್ದ ಅವನು, ಪಾಪಿಯಾದ ತನಗೆ ದೇವರ ಕರುಣೆ ದೊರೆಯುವುದು ಹೇಗೆಂದು ತೊಳಲಿದನು. ದೇವರ ಕೃಪೆಯನ್ನು ನಂಬಿ ಸ್ವೀಕರಿಸುವುದೇ ದಾರಿಯೆಂಬ ಉತ್ತರ ಅವನಿಗೆ ಪೌಲನಲ್ಲಿ ದೊರೆಯಿತು. 1522ರಲ್ಲಿ ಪ್ರಕಟವಾದ ತನ್ನ ಜರ್ಮನ್ ಅನುವಾದದಲ್ಲಿ ರೋಮಾಪುರದ ಪತ್ರದ ಮೂರನೆಯ ಅಧ್ಯಾಯದ ವಾಕ್ಯಕ್ಕೆ, ಮೂಲದಲ್ಲಿಲ್ಲದ ‘ಮಾತ್ರ’ ಎಂಬ ಪದವನ್ನು ಸೇರಿಸಿ ನಂಬುಗೆಯಿಂದ ಮಾತ್ರವೇ ಎಂದು ಅವನು ಬರೆದನು. ಟೀಕೆಗಳು ಬಂದಾಗ 1530ರಲ್ಲಿ ಅನುವಾದಕಲೆಯನ್ನು ಕುರಿತ ಒಂದು ಪತ್ರವನ್ನೇ ಪ್ರಕಟಿಸಿ, ಜರ್ಮನ್ ನುಡಿಯ ಜಾಯಮಾನವು ಆ ಪದವನ್ನು ಬೇಡುತ್ತದೆಂದೂ ಪೌಲನ ಅಭಿಪ್ರಾಯವೂ ಅದೇ ಎಂದೂ ಸಮರ್ಥಿಸಿದನು. ಯಾಕೋಬನ ಪತ್ರಕ್ಕೆ ಅವನು ಹೆಚ್ಚಿನ ಬೆಲೆ ಕೊಡಲಿಲ್ಲ. ರೋಮನ್ ಸಭೆಯು ಟ್ರೆಂಟ್ ಮಹಾಸಭೆಯಲ್ಲಿ, 1547ರಲ್ಲಿ, ಕೃಪೆಯೇ ಮೊದಲೆಂದು ಒಪ್ಪಿಕೊಂಡೂ, ಮನುಷ್ಯನ ಸಹಕಾರ ಮತ್ತು ಪ್ರೀತಿಗಳಿಲ್ಲದ ಬರಿಯ ನಂಬುಗೆ ಸಾಲದೆಂದು ನಿರ್ಣಯಿಸಿತು. ಈ ಭಿನ್ನತೆಯು ಯುರೋಪಿನ ಕ್ರೈಸ್ತರನ್ನು ನಾಲ್ಕು ಶತಮಾನಗಳಿಗೂ ಮಿಕ್ಕಿ ಬೇರೆಯಾಗಿಸಿತು. 1999ರ ಅಕ್ಟೋಬರ್ 31ರಂದು ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ಲೂಥರನ್ ಸಭೆಗಳ ಒಕ್ಕೂಟವೂ ರೋಮನ್ ಸಭೆಯೂ ಈ ತತ್ತ್ವದ ಮೂಲಾಂಶಗಳಲ್ಲಿ ತಮಗೆ ಸಹಮತವಿದೆಯೆಂದು ಜಂಟಿ ಘೋಷಣೆಗೆ ಸಹಿ ಹಾಕಿದವು.

ಲೂಥರನ ಪ್ರಶ್ನೆಯೇ ಪೌಲನ ಪ್ರಶ್ನೆಯೂ ಆಗಿತ್ತೆಂಬ ಗ್ರಹಿಕೆಯನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕ್ರೈಸ್ತ ವಿದ್ವಾಂಸರೇ ಪರಿಶೀಲನೆಗೆ ಒಳಪಡಿಸಿದರು. ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ 1963ರಲ್ಲಿ, ಇ. ಪಿ. ಸ್ಯಾಂಡರ್ಸ್ 1977ರಲ್ಲಿ ಪ್ರಕಟಿಸಿದ ಬರಹಗಳು ಈ ಚರ್ಚೆಯಲ್ಲಿ ಗಣ್ಯವಾದವು. ಪೌಲನ ಮನಸ್ಸನ್ನು ಕಾಡಿದ್ದು ವ್ಯಕ್ತಿಯ ಅಪರಾಧಪ್ರಜ್ಞೆಗಿಂತ ಹೆಚ್ಚಾಗಿ, ಯೆಹೂದ್ಯರೂ ಅನ್ಯರೂ ಒಂದೇ ಸಮುದಾಯವಾಗುವುದು ಹೇಗೆಂಬ ಪ್ರಶ್ನೆ ಎಂದು ಸ್ಟೆಂಡಾಲ್ ತೋರಿಸಿದರು. ಅಂದಿನ ಯೆಹೂದ್ಯ ಧರ್ಮವು ಪುಣ್ಯವನ್ನು ಲೆಕ್ಕಹಾಕಿ ಮುಕ್ತಿಯನ್ನು ಕೊಳ್ಳುವ ಧರ್ಮವಾಗಿರಲಿಲ್ಲ, ಅದರಲ್ಲಿಯೂ ದೇವರ ಕೃಪೆಯೇ ಮೊದಲಿತ್ತು ಎಂದು ಸ್ಯಾಂಡರ್ಸ್ ಸ್ಥಾಪಿಸಿದರು. ಈ ಎರಡು ಪ್ರಶ್ನೆಗಳ ಅಂತರವನ್ನು ಗಮನದಲ್ಲಿಟ್ಟುಕೊಂಡು ನೋಡಿದರೆ ಕನ್ನಡ ನಾಡಿನಲ್ಲಿ ನಡೆದುದು ಸ್ಪಷ್ಟವಾಗುತ್ತದೆ.

3. ತತ್ತ್ವವು ಕನ್ನಡ ಪದಗಳನ್ನು ತೊಟ್ಟ ಬಗೆ

ಕನ್ನಡದಲ್ಲಿ ಕ್ರೈಸ್ತ ಶಾಸ್ತ್ರದ ಸಮಗ್ರ ಅನುವಾದದ ಕಾರ್ಯ ಆರಂಭವಾದುದು ಬಳ್ಳಾರಿಯಲ್ಲಿ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿ ನೆಲೆಸಿದರು. ಅವರ ಜೊತೆಗೂಡಿದ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. 1830ರ ದಶಕದ ಆರಂಭದ ವೇಳೆಗೆ ಬೈಬಲ್ಲಿನ ಎಲ್ಲ ಭಾಗಗಳೂ ಕನ್ನಡದಲ್ಲಿ ಮುದ್ರಣ ಕಂಡಿದ್ದವು. ಬಾಸೆಲ್ ಮಿಶನ್ನಿನ ಮೊದಲ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ಅವರ ಕೇಂದ್ರಗಳಾದವು. ಬಳ್ಳಾರಿಯ ಅನುವಾದವನ್ನು ತಿದ್ದಿ ಹೊಸದಾಗಿ ರೂಪಿಸುವ ಕೆಲಸದಲ್ಲಿ ಈ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಪ್ರಮುಖರು. 1855ರಲ್ಲಿ ಅಕಾಲದಲ್ಲಿ ತೀರಿಕೊಳ್ಳುವವರೆಗೂ ಅವರು ಆ ಕಾರ್ಯದಲ್ಲಿ ತೊಡಗಿದ್ದರು.

ಇಂಥ ಅನುವಾದಗಳ ಪರಂಪರೆಯಲ್ಲಿ ನೆಲೆಗೊಂಡ ಪದಗಳನ್ನು ಪರಿಶೀಲಿಸುವುದು ಉಪಯುಕ್ತ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಓದುವ ಸತ್ಯವೇದದಲ್ಲಿ ‘ಪಿಸ್ತಿಸ್’ ಎಂಬುದಕ್ಕೆ ‘ನಂಬಿಕೆ’ ಎಂಬ ಪದವಿದೆ. ಕ್ಯಾಥೊಲಿಕರಲ್ಲಿ ‘ವಿಶ್ವಾಸ’ ಎಂಬುದು ರೂಢಿಯಾಯಿತು. ‘ನಂಬಿಕೆ’ಯ ಆಯ್ಕೆಯು ಬಹು ಸಮರ್ಪಕವಾದುದು. ಗ್ರೀಕ್ ಭಾಷೆಯಂತೆ ಕನ್ನಡದಲ್ಲಿಯೂ ಇಲ್ಲಿ ನಾಮಪದ-ಕ್ರಿಯಾಪದಗಳೆರಡೂ ಒಂದೇ ಧಾತುವಿನಿಂದ ಹೊರಡುತ್ತವೆ: ನಂಬು, ನಂಬಿಕೆ. ಇಂಗ್ಲಿಷಿನಲ್ಲಿ ಈ ಅನುಕೂಲವಿಲ್ಲ. ಅಲ್ಲಿ ನಾಮಪದಕ್ಕೂ ಕ್ರಿಯಾಪದಕ್ಕೂ ಬೇರೆ ಬೇರೆ ಮೂಲ. ಇಷ್ಟೇ ಅಲ್ಲದೆ ‘ಪಿಸ್ತಿಸ್’ನ ಎರಡನೆಯ ಮುಖವೂ ಕನ್ನಡ ಧಾತುವಿನಲ್ಲಿದೆ. ಹೊಲಮನೆ ಒಪ್ಪಿಸಿ ಹೋಗಬಹುದಾದ ಆಳನ್ನು ಕನ್ನಡಿಗರು ‘ನಂಬಿಗಸ್ತ’ನೆಂದು ಕರೆಯುತ್ತಾರೆ. ನಂಬಿದವನೂ ನಂಬಿಗಸ್ತನೂ ಒಂದೇ ಬೇರಿನ ಎರಡು ಕೊಂಬೆಗಳು. ಕ್ರಿಸ್ತನನ್ನು ನಂಬುವುದೇ, ಅಥವಾ ಕ್ರಿಸ್ತನ ನಂಬಿಗಸ್ತಿಕೆಯೇ ಮನುಷ್ಯನನ್ನು ಉಳಿಸುವುದು ಎಂದು ಪೌಲನ ಒಂದು ಪದಪುಂಜವನ್ನು ಕುರಿತು ಪಾಶ್ಚಾತ್ಯ ವಿದ್ವಾಂಸರಲ್ಲಿ ಇಂದಿಗೂ ವಾದವಿದೆ. ಆ ವಾದದ ಎರಡು ಪಕ್ಷಗಳಿಗೂ ಕನ್ನಡದ ಒಂದೇ ಧಾತು ಆಸರೆಯಾಗಬಲ್ಲುದು.

ಈ ಧಾತುವನ್ನು ಭಕ್ತಿಯ ಪರಿಭಾಷೆಯಾಗಿ ಹದಗೊಳಿಸಿದವರು ಶಿವಶರಣರು ಮತ್ತು ಹರಿದಾಸರು. ಅನುವಾದಕರು ಈ ಪದವನ್ನು ಎತ್ತಿಕೊಂಡಾಗ ಅದರೊಡನೆ ಏಳು ಶತಮಾನಗಳ ಅನುಭಾವದ ಪರಿಮಳವೂ ಬಂದಿತು. ‘ಮೂಢನಂಬಿಕೆ’ ಎಂಬ ಸಮಾಸವು ಬಳಕೆಗೆ ಬಂದು ‘ನಂಬಿಕೆ’ಯನ್ನು ಬರಿಯ ಅಭಿಪ್ರಾಯದ ಮಟ್ಟಕ್ಕೆ ಇಳಿಸಿದುದು ಈಚಿನ ಸಂಗತಿ. ಆ ಕಾಲದ ಹಳ್ಳಿಗನ ಕಿವಿಗೆ ನಂಬುವುದೆಂದರೆ ತನ್ನನ್ನು ಒಪ್ಪಿಸಿಕೊಳ್ಳುವುದೇ ಆಗಿತ್ತು.

ಉಳಿದ ಪದಗಳ ವಿಷಯದಲ್ಲಿ ಇಷ್ಟು ಸುಗಮವಾಗಲಿಲ್ಲ. ಯೆಹೂದ್ಯರ ‘ತೋರಾ’ ಎಂಬುದಕ್ಕೆ ‘ಧರ್ಮಶಾಸ್ತ್ರ’ ಎಂಬ ಪದವು ನಿಂತಿತು. ಧರ್ಮಶಾಸ್ತ್ರದ ಕರ್ಮಗಳನ್ನು ಸೂಚಿಸಲು ಪೌಲನ ಪತ್ರಗಳಲ್ಲಿ ‘ನೇಮನಿಷ್ಠೆ’ ಎಂಬ ಮಾತೂ ಬಳಕೆಯಾಯಿತು. ವೀರಶೈವ ಶ್ರೋತೃವಿನ ಮೇಲೆ ಈ ಎರಡು ಪದಗಳ ಪರಿಣಾಮವು ಪರಸ್ಪರ ವಿರುದ್ಧವಾಗಿರುವುದು ಸಹಜ. ಧರ್ಮಶಾಸ್ತ್ರವೆಂದೊಡನೆ ಅವನಿಗೆ ವರ್ಣಾಶ್ರಮಗಳನ್ನು ವಿಧಿಸುವ ಸ್ಮೃತಿಗಳು ನೆನಪಾಗುತ್ತವೆ. ಅದಕ್ಕಿಂತ ನಂಬುಗೆ ಹಿರಿದೆಂದರೆ ಅದು ಶರಣರು ಹೇಳಿದ ಮಾತೇ ಎಂದು ಅವನು ತಲೆದೂಗುತ್ತಾನೆ. ‘ನಿಷ್ಠೆ’ಯಾದರೋ ಅವನಿಗೆ ಪವಿತ್ರವಾದ ಪದ. ಷಟ್‌ಸ್ಥಲದ ಎರಡನೆಯ ಮೆಟ್ಟಿಲಾದ ಮಹೇಶಸ್ಥಲದ ಭಕ್ತಿಯ ಹೆಸರೇ ನಿಷ್ಠಾಭಕ್ತಿ. ನೇಮನಿಷ್ಠೆಗಳಿಲ್ಲದೆ ನಂಬಿಕೆಯಿಂದ ರಕ್ಷಣೆಯೆಂಬ ಮಾತು ಅವನ ಕಿವಿಗೆ, ನಡತೆಯ ಬಿಗಿಯೇ ಬೇಡವೆಂಬಂತೆ ಕೇಳಿಸಿದ್ದರೆ ಆಶ್ಚರ್ಯವಿಲ್ಲ. ಪೌಲನ ಅಭಿಪ್ರಾಯಕ್ಕೆ ಇದು ದೂರವಾದುದು. ಅವನ ‘ಎಮೂನಾ’ ಪರಂಪರೆಯಲ್ಲಿ ನಿಷ್ಠೆಯು ನಂಬುಗೆಯ ಒಳಗೇ ಇತ್ತು. ಹೀಗೆ ಮೂಲದಲ್ಲಿ ಒಂದಾಗಿದ್ದುದು ಕನ್ನಡದಲ್ಲಿ ಎದುರುಬದುರಾಯಿತು. ‘ನೀತಿ’ ಎಂಬ ಪದದ ತೊಡಕೂ ಇಂಥದೇ. ಪೌಲನ ಗ್ರೀಕ್ ಪದದಲ್ಲಿ ಸದಾಚಾರಕ್ಕಿಂತ ಹೆಚ್ಚಾಗಿ ಸರಿಯಾದ ಸಂಬಂಧವೆಂಬ ಭಾವವಿದೆ. ಈಚಿನ ಒಂದು ಕನ್ನಡ ಅನುವಾದವು ಅಲ್ಲಿ ‘ಸತ್ಸಂಬಂಧ’ ಎಂಬ ಪದವನ್ನು ಬಳಸಿ ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದೆ.

4. ಗದಗ ಸೀಮೆಯ ಮುಖಾಮುಖಿ

ಬಾಸೆಲ್ ಮಿಶನ್ನಿನವರು ಬಹುಮಟ್ಟಿಗೆ ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರಾಂತದ ಭಾವಭಕ್ತಿಪಂಥದಿಂದ ಬಂದವರು. ಲೂಥರನ ತತ್ತ್ವವನ್ನು ಒಪ್ಪಿದ ಆ ಪಂಥವು ಬಾಯಿಪಾಠದ ನಂಬುಗೆಯನ್ನು ಸಹಿಸುತ್ತಿರಲಿಲ್ಲ. ಪಶ್ಚಾತ್ತಾಪ, ಅಂತರಂಗದ ಹೊಸಹುಟ್ಟು, ಶ್ರಮದ ಬದುಕು ಇವು ನಂಬುಗೆಯ ಗುರುತುಗಳೆಂದು ಅದು ಬಗೆದಿತ್ತು. ಜಾತಿಯ ವಿಷಯದಲ್ಲಿಯೂ ಅವರದು ಬಿಗಿಯಾದ ನಿಲುವು. ತಮಿಳು ನಾಡಿನ ಹಳೆಯ ಲೂಥರನ್ ಸಭೆಗಳಲ್ಲಿ ಜಾತಿಗನುಗುಣವಾಗಿ ಬೇರೆ ಬೇರೆ ಆಸನಗಳಿದ್ದ ಕಾಲವೊಂದಿತ್ತು. ಬಾಸೆಲ್ ಮಿಶನ್ನು ತನ್ನ ಸಭೆಗಳಲ್ಲಿ ಅದಕ್ಕೆ ಅವಕಾಶ ಕೊಡಲಿಲ್ಲ.

ಇಂಥ ಬೋಧಕರಿಗೆ ಲಿಂಗಾಯತ ಸಮಾಜವು ದೊಡ್ಡ ಆಸೆಯನ್ನು ಹುಟ್ಟಿಸಿತು. ಏಕದೇವೋಪಾಸನೆ, ಸ್ಥಾವರಪೂಜೆಯ ನಿರಾಕರಣೆ, ಜಾತಿಭೇದದ ಖಂಡನೆ ಇವುಗಳಿರುವ ಜನರು ತಮ್ಮ ಬೋಧೆಯನ್ನು ಸುಲಭವಾಗಿ ಒಪ್ಪಿಯಾರೆಂದು ಅವರು ಭಾವಿಸಿದರು. 1840ರ ಆಸುಪಾಸಿನಲ್ಲಿ ಹುಬ್ಬಳ್ಳಿಯ ಸುತ್ತ ಕಾಲಜ್ಞಾನಿಗಳೆಂಬ ಒಂದು ಪಂಥದ ಜನ ಅವರನ್ನು ಕಂಡರು. ಲಿಂಗಾಯತ ಸಮಾಜದ ಅಂಚಿನಲ್ಲಿದ್ದ ಇವರು, ಮುಂದೆ ಹೊಸ ಧರ್ಮವೊಂದು ಬರುವುದೆಂದು ತಮ್ಮ ಕಾಲಜ್ಞಾನದ ನುಡಿಗಳಲ್ಲಿದೆಯೆಂದು ತಿಳಿಸಿ ಬೋಧಕರ ಮಾತಿಗೆ ಕಿವಿಗೊಟ್ಟರು. ಹರ್ಮನ್ ಮೋಗ್ಲಿಂಗ್ ಮೊದಲಾದವರ ಉತ್ಸಾಹಕ್ಕೆ ಪಾರವಿಲ್ಲದಾಯಿತು. ಹೊಸದಾಗಿ ಸೇರುವವರಿಗೆಂದು ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಒಕ್ಕಲುತನದ ನೆಲೆಯೊಂದನ್ನು ಏರ್ಪಡಿಸಿದರು. ನಿರೀಕ್ಷಿಸಿದ ಜನಸಮೂಹ ಬರಲಿಲ್ಲ. ಬಂದವರಲ್ಲಿಯೂ ಹಲವರು ಹಿಂದೆ ಸರಿದರು. ಆ ನೆಲೆ ಬಹುಕಾಲ ಬಾಳಲಿಲ್ಲ.

ಈ ಘಟನೆಯನ್ನು ಒಂದು ಪಕ್ಷದ ಮೋಸವೆಂದೋ ಇನ್ನೊಂದು ಪಕ್ಷದ ಸೋಲೆಂದೋ ಬಗೆಯುವುದು ಇತಿಹಾಸಕ್ಕೆ ತಕ್ಕುದಲ್ಲ. ಕಾಲಜ್ಞಾನಿಗಳು ಕಾಯುತ್ತಿದ್ದುದು ಒಂದು ಹೊಸ ಸಮಾಜವನ್ನು. ಲೋಕದ ವ್ಯವಸ್ಥೆಯೇ ಬದಲಾಗುವ ಒಂದು ಕಾಲವನ್ನು. ಬೋಧಕರು ಕೇಳಿದ್ದು ಒಬ್ಬೊಬ್ಬ ವ್ಯಕ್ತಿಯ ಪಾಪಪ್ರಜ್ಞೆಯನ್ನು, ಪಶ್ಚಾತ್ತಾಪವನ್ನು. ಲೂಥರನ ಪ್ರಶ್ನೆಯನ್ನು ಹಿಡಿದು ಬಂದವರಿಗೆ ಪೌಲನ ಪ್ರಶ್ನೆಯನ್ನು ಹಿಡಿದ ಜನ ಎದುರಾಗಿದ್ದರು. ಯಾರು ಯಾರೊಡನೆ ಕುಳಿತು ಉಣ್ಣಬಹುದು, ದೇವರ ಮುಂದೆ ಹುಟ್ಟಿಗೆ ಬೆಲೆಯುಂಟೆ ಎಂಬುದು ಕಲ್ಯಾಣದ ಕಾಲದಿಂದಲೂ ಈ ನಾಡಿನ ಜೀವಂತ ಪ್ರಶ್ನೆ. ಅಂತಿಯೋಕ್ಯದ ಪಂಕ್ತಿಯ ಕಥೆಯನ್ನು ಮುಂದಿಟ್ಟು ನಂಬುಗೆಯ ತತ್ತ್ವವನ್ನು ವಿವರಿಸಿದ್ದರೆ ಎರಡು ಕಡೆಯವರಿಗೂ ಪರಸ್ಪರರು ಹೆಚ್ಚು ತಿಳಿಯುತ್ತಿದ್ದರು. ಆದರೆ ಪೌಲನನ್ನು ಹಾಗೆ ಓದುವ ವಿದ್ವತ್ತು ಅಂದಿಗೆ ಯುರೋಪಿನಲ್ಲಿ ಬಲಗೊಂಡಿರಲಿಲ್ಲ.

5. ಶರಣದೃಷ್ಟಿಯಲ್ಲಿ ನಂಬುಗೆ

ನಿರಾಶರಾದ ಬೋಧಕರು ಈ ಜನರ ಗ್ರಂಥಗಳ ಕಡೆಗೆ ತಿರುಗಿದರು. ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವನ್ನು ಮೋಗ್ಲಿಂಗ್ 1850ರಲ್ಲಿಯೂ, ವಿರೂಪಾಕ್ಷ ಪಂಡಿತನ ಚೆನ್ನಬಸವಪುರಾಣವನ್ನು 1851ರಲ್ಲಿಯೂ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಹುಬ್ಬಳ್ಳಿ-ಬೆಟಗೇರಿಗಳಲ್ಲಿ ದುಡಿದ ಜಿ. ವುರ್ತ್ ಈ ಎರಡು ಪುರಾಣಗಳನ್ನೂ 1860ರ ದಶಕದಲ್ಲಿ ಇಂಗ್ಲಿಷಿಗೆ ಸಂಗ್ರಹಿಸಿ ಕೊಟ್ಟರು. 1868ರಲ್ಲಿ ‘ಪ್ರಾಕ್ಕಾವ್ಯಮಾಲಿಕೆ’ಯನ್ನು ಸಂಪಾದಿಸಿದರು. ಫರ್ಡಿನೆಂಡ್ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತ ಚರಿತೆಯನ್ನು ಕನ್ನಡದ ಸಾಂಪ್ರದಾಯಿಕ ಛಂದಸ್ಸಿನಲ್ಲಿ ಹೇಳಿದರು, 1894ರಲ್ಲಿ ಪ್ರಕಟವಾದ ಅವರ ನಿಘಂಟಿಗೆ ಬಸವಪುರಾಣವೂ ಆಕರಗಳಲ್ಲಿ ಒಂದು.

ಖಂಡನೆಗೆಂದು ತೆರೆದ ಈ ಪುರಾಣಗಳಲ್ಲಿ ಅವರಿಗೆ ಎದುರಾದುದು ನಂಬುಗೆಯ ಕಥೆಗಳೇ. ಬೇಡರ ಕಣ್ಣಪ್ಪನಿಗೆ ಮಡಿಯಿಲ್ಲ, ಮಂತ್ರವಿಲ್ಲ. ಬಾಯಲ್ಲಿ ತಂದ ನೀರಿನಿಂದ ಅಭಿಷೇಕ, ಬೇಟೆಯ ಮಾಂಸದಿಂದ ನೈವೇದ್ಯ. ಆದರೆ ಲಿಂಗದ ಕಣ್ಣಿನಲ್ಲಿ ನೆತ್ತರು ಕಂಡಾಗ ತನ್ನ ಕಣ್ಣನ್ನು ಕಿತ್ತು ಕೊಟ್ಟವನು ಅವನೇ ಹೊರತು ಆಗಮ ಬಲ್ಲ ಅರ್ಚಕನಲ್ಲ. ತಂದೆಯು ಒಪ್ಪಿಸಿದ ಹಾಲನ್ನು ಶಿವನು ದಿನವೂ ಕುಡಿಯುತ್ತಾನೆಂದು ನಂಬಿ, ಕುಡಿಯದಿದ್ದಾಗ ಅತ್ತು ಹಟ ಹಿಡಿದು ಕುಡಿಸಿದ ಕೋಳೂರ ಕೊಡಗೂಸಿನ ಕಥೆಯೂ ಹೀಗೆಯೇ. ಪೌಲನು ಅಬ್ರಹಾಮನಲ್ಲಿ ಕಂಡ ಗುರುತಿಲ್ಲದ ನಂಬುಗೆಯನ್ನು ಈ ಮುಗ್ಧಭಕ್ತರ ಕಥೆಗಳು ಮನೆಮನೆಗೆ ಮುಟ್ಟಿಸಿದ್ದವು.

ಯಾಕೋಬನ ಪತ್ರದ ಮಾತೂ ಶರಣರಲ್ಲಿ ಅಷ್ಟೇ ಗಟ್ಟಿಯಾಗಿದೆ. ಕಲ್ಯಾಣದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ದಾಸೋಹ ಮಾಡುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಕಳುಹಿಸಿದಳು. ದೇವರು ಕೊಡುತ್ತಾನೆಂಬ ನಂಬುಗೆ ನಿಜವಾದರೆ ನಾಳೆಗೆ ಕೂಡಿಡುವ ಆಸೆ ಏಕೆಂಬುದು ಅವಳ ನಿಲುವು. ಕಾಯಕ-ದಾಸೋಹಗಳು ಇಲ್ಲಿ ಕೃಪೆಯ ಬೆಲೆಯಾಗಿ ನಿಲ್ಲುವುದಿಲ್ಲ. ಕೃಪೆಯಲ್ಲಿ ನಿಂತವನ ಉಸಿರಾಟವಾಗುತ್ತವೆ. ಷಟ್‌ಸ್ಥಲದ ಕ್ರಮವೂ ಇದನ್ನೇ ಶಾಸ್ತ್ರೀಯವಾಗಿ ಹೇಳುತ್ತದೆ. ಭಕ್ತಸ್ಥಲದ ಶ್ರದ್ಧೆಯು ಮಹೇಶಸ್ಥಲದಲ್ಲಿ ನಿಷ್ಠೆಯಾಗಿ, ಪ್ರಸಾದಿಯಲ್ಲಿ ಅವಧಾನವಾಗಿ, ಪ್ರಾಣಲಿಂಗಿಯಲ್ಲಿ ಅನುಭಾವವಾಗಿ, ಶರಣನಲ್ಲಿ ಆನಂದವಾಗಿ, ಐಕ್ಯದಲ್ಲಿ ಸಮರಸವಾಗಿ ಬೆಳೆಯುತ್ತದೆ. ಶ್ರದ್ಧೆಯು ಮೊದಲ ಮೆಟ್ಟಿಲಾಗಿ ಹಿಂದೆ ಉಳಿಯದೆ ಕೊನೆಯವರೆಗೂ ಜೊತೆಗೆ ಏರುತ್ತದೆ.

ಇಷ್ಟು ಸಾಮ್ಯವಿದ್ದರೂ ಎರಡು ದರ್ಶನಗಳನ್ನು ಒಂದೇ ಎಂದು ಸಾರುವುದು ಎರಡಕ್ಕೂ ನ್ಯಾಯವಾಗದು. ಕ್ರೈಸ್ತ ಶಾಸ್ತ್ರದಲ್ಲಿ ಮನುಷ್ಯನನ್ನು ಬಂಧಿಸಿರುವುದು ಪಾಪ; ಬಿಡಿಸಿದುದು ರೋಮನ್ ಅಧಿಪತಿಯಾದ ಪಿಲಾತನ ಆಳ್ವಿಕೆಯಲ್ಲಿ, ಇತಿಹಾಸದ ಒಂದು ಕಾಲದಲ್ಲಿ, ಒಮ್ಮೆಗೇ ನಡೆದ ಕ್ರಿಸ್ತನ ಮರಣ ಮತ್ತು ಪುನರುತ್ಥಾನ. ನಂಬುಗೆಯು ಆ ಘಟನೆಯನ್ನು ಆಶ್ರಯಿಸುತ್ತದೆ. ವೀರಶೈವದಲ್ಲಿ ಬಂಧನವೆಂದರೆ ಆಣವ, ಮಾಯಾ, ಕಾರ್ಮಿಕಗಳೆಂಬ ಮಲತ್ರಯ. ಬಿಡಿಸುವುದು ಗುರುವಿನ ತ್ರಿವಿಧದೀಕ್ಷೆ. ಕೃಪೆಯು ಇಲ್ಲಿ ಪ್ರತಿಯೊಬ್ಬ ಭಕ್ತನ ಕರಸ್ಥಲಕ್ಕೆ ಇಷ್ಟಲಿಂಗವಾಗಿ ಬರುತ್ತದೆ. ಕೊನೆಯ ನೆಲೆಯೂ ಭಿನ್ನ. ಕ್ರೈಸ್ತರಲ್ಲಿ ರಕ್ಷಣೆಯೆಂದರೆ ದೇವರೊಡನೆ ಅಗಲದ ಸಹವಾಸ. ಅಲ್ಲಿ ದೇವರು ದೇವರಾಗಿ, ಮನುಷ್ಯನು ಮನುಷ್ಯನಾಗಿ ಉಳಿಯುತ್ತಾರೆ. ವೀರಶೈವದಲ್ಲಿ ಅದು ಲಿಂಗಾಂಗಸಾಮರಸ್ಯ. ಜರ್ಮನಿಯ ಧರ್ಮಶಾಸ್ತ್ರಜ್ಞ ರುಡಾಲ್ಫ್ ಆಟೋ 1930ರಲ್ಲಿ ಭಾರತದ ಕೃಪಾಮಾರ್ಗಗಳನ್ನು ಕ್ರೈಸ್ತ ಧರ್ಮದೊಡನೆ ಹೋಲಿಸಿದಾಗ, ಮರಿಯನ್ನು ಕಚ್ಚಿ ಒಯ್ಯುವ ಬೆಕ್ಕು, ತಾಯಿಯನ್ನು ತಾನೇ ಹಿಡಿದುಕೊಳ್ಳುವ ಮಂಗನ ಮರಿ ಎಂಬ ಶ್ರೀವೈಷ್ಣವರ ನ್ಯಾಯಗಳನ್ನು ಗಮನಿಸಿದ್ದರು. ಲೂಥರನಿಗೂ ಟ್ರೆಂಟ್ ಸಭೆಗೂ ಇದ್ದ ವಿವಾದದ ಛಾಯೆ ಅಲ್ಲಿ ಕಾಣುತ್ತದೆ. ಕೃಪೆ ಮತ್ತು ಪ್ರಯತ್ನಗಳ ಪ್ರಶ್ನೆಯು ಯಾವ ಒಂದು ಧರ್ಮದ ಸ್ವತ್ತೂ ಅಲ್ಲವೆಂಬುದಕ್ಕೆ ಇದೇ ಸಾಕ್ಷಿ.

6. ಉಪಸಂಹಾರ

1914ರಲ್ಲಿ ಆರಂಭವಾದ ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಸರಕಾರವು ಜರ್ಮನ್ ಬೋಧಕರನ್ನು ಬಂಧನದಲ್ಲಿರಿಸಿತು. ಬಾಸೆಲ್ ಮಿಶನ್ನಿನ ಕಾರ್ಯ ಮುರಿದುಬಿದ್ದಿತು. ಅವರು ಕಟ್ಟಿದ ಸಭೆಗಳು ಕಾಲಕ್ರಮದಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು. ಈ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಇಂದಿಗೂ ಅಲ್ಪವೇ. ಸಂಖ್ಯೆಯಿಂದ ಅಳೆಯಲಾಗದ ಒಂದು ಫಲವು ಮಾತ್ರ ಉಳಿದಿದೆ. ಜಯಿಸಲು ಬಂದವರು ಓದುಗರಾದರು. ಅವರು ಅಚ್ಚು ಹಾಕಿಸಿದ ಬಸವಪುರಾಣವನ್ನು ಕನ್ನಡಿಗರು ಓದಿದರು.

ಈ ಇತಿಹಾಸದಿಂದ ತಿಳಿಯಬೇಕಾದುದು ಇಷ್ಟು. ಕ್ರೈಸ್ತ ಶಾಸ್ತ್ರದ ನಂಬುಗೆಯಿಂದ ರಕ್ಷಣೆಯನ್ನು, ಏನು ಮಾಡಿದರೂ ನಡೆಯುವುದೆಂಬ ಸುಲಭದ ಮಾಫಿಯೆಂದು ಹಳಿಯುವವರು ಎಮೂನಾ ಎಂಬ ಪದದ ಸ್ಥಿರತೆಯನ್ನೂ, ಯಾಕೋಬನ ಪತ್ರವನ್ನೂ ಮರೆತವರು. ಲಿಂಗಪೂಜೆ ಮತ್ತು ಆಚಾರಗಳನ್ನು ಕೃಪೆಯನ್ನು ಕೊಳ್ಳುವ ಕರ್ಮವೆಂದು ಹಳಿದ ಅಂದಿನ ಬೋಧಕರು ಕಣ್ಣಪ್ಪನನ್ನೂ ಲಕ್ಕಮ್ಮನನ್ನೂ ಕಾಣದೆ ಹೋದವರು. ಎರಡೂ ಪರಂಪರೆಗಳಲ್ಲಿ ನಂಬುಗೆಯ ಸಾಚಾತನವನ್ನು ಪರೀಕ್ಷಿಸುವ ಒರೆಗಲ್ಲು ಒಂದೇ ಇದೆ. ಅಂತಿಯೋಕ್ಯದಲ್ಲಿ ಪೇತ್ರನು ಎಡವಿದುದು ಅಲ್ಲಿಯೇ. ಕಲ್ಯಾಣದಲ್ಲಿ ಶರಣರು ಬೆಲೆ ತೆತ್ತುದೂ ಅಲ್ಲಿಯೇ. ಕೃಪೆಯು ಎಲ್ಲರಿಗೂ ಸಮಾನವಾಗಿ ಬಂದುದೆಂದು ನಂಬಿದವನು, ಆ ಕೃಪೆಗೆ ಪಾತ್ರನಾದ ಇನ್ನೊಬ್ಬನ ಪಕ್ಕದಲ್ಲಿ ಕುಳಿತು ಉಣ್ಣಲು ಹಿಂಜರಿಯಲಾರನು. ಹಿಂಜರಿದರೆ, ಅವನು ಸತ್ಯವೇದವನ್ನು ಓದುವವನಾಗಿರಲಿ ವಚನಗಳನ್ನು ಓದುವವನಾಗಿರಲಿ, ಅವನ ನಂಬುಗೆಯ ಬೀಜ ಇನ್ನೂ ಹಗೇವಿನಲ್ಲಿಯೇ ಇದೆಯೆಂದು ತಿಳಿಯಬೇಕು.